ಹಿಮಗಾಲಕ್ಕೆ ಅಣಿಯಾದ ಮನೆ



ಹಿಮ ಬೀಳುವ ನಾಡಿನ ಮನೆ ಎಂದೊಡನೆ ಕಡಿದಾದ ಇಳಿಜಾರು ಮಾಡು ನಮ್ಮ ಕಣ್ಣೆದುರು ಬರುತ್ತದೆ. ಆದರೆ ನಮ್ಮ ದೇಶದ್ದೇ ಆದ ಲಡಾಖ್‌ನಲ್ಲಿ ಹಳೆಯ ಮನೆಗಳ ಮಾಡು ಚಪ್ಪಟೆ, ಅದೂ ಮಣ್ಣಿನದು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಚಳಿಗಾಲದ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಅಂಥಲ್ಲಿ ಮಣ್ಣಿನ ಮನೆ ಹೇಗೆ ಆಸರೆಯಾಗುತ್ತದೆ?

ಲಡಾಖ್ ಶೀತ ಮರುಭೂಮಿ. ಮಳೆ, ಹಿಮ ಎರಡೂ ಸೇರಿದರೂ ಅಲ್ಲಿ ಬೀಳುವ ನೀರು ಬಹಳ ಕಡಿಮೆ. ಆದ್ದರಿಂದಲೇ ಮಣ್ಣಿನ ಮಾಡು ಸಾಧ್ಯವಾಯಿತು. ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ, ಪಾಪ್ಲರ್ ಮರದ ತೊಲೆ, ಅದರ ಮೇಲೆ ವಿಲ್ಲೋ ಮರದ ಸಣ್ಣ ಕಡ್ಡಿಗಳು, ಹುಲ್ಲು, ಕೊನೆಗೆ ಮಣ್ಣು. ನಮ್ಮ ಬಯಲುಸೀಮೆಯ ಮಾಳಿಗೆ ಮನೆ ಕಂಡವರಿಗೆ ಈ ರಚನೆ ಹೊಸದೇನಲ್ಲ.

ಮನೆ ಕಟ್ಟುವ ಕೆಲಸವೆಲ್ಲ ಬೇಸಿಗೆಯಲ್ಲೇ ಮುಗಿಯಬೇಕು. ಏಕೆಂದರೆ ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ; ಹಸಿ ಗಾರೆಯೊಳಗಿನ ನೀರು ಹೀಗೆ ಹಿಗ್ಗಿದರೆ ಗೋಡೆ ಬಿರುಕು ಬಿಡುತ್ತದೆ. ಗೋಡೆಗೆ ಮಣ್ಣು ಮೆತ್ತುವುದು, ಬೆರಣಿ ಒಣಗಿಸುವುದು, ಮಾಡಿನ ಅಂಚಿನಲ್ಲಿ ಮೇವು ಒಟ್ಟುವುದು, ಎಲ್ಲವೂ ಹಿಮಕ್ಕೆ ಮುಂಚೆ ಆಗಬೇಕು.

ಹಿಮ ಬಿದ್ದ ಮೇಲೆ ಮೊದಲ ಕೆಲಸ ಮಾಡಿನದು. ಒಂದು ಲೆಕ್ಕ ಹಾಕಿ ನೋಡೋಣ. ಹಗುರವಾದ ಹೊಸ ಹಿಮ ಘನ ಮೀಟರಿಗೆ ಸುಮಾರು 100 ಕಿಲೋಗ್ರಾಂ ತೂಗುತ್ತದೆ ಎಂದುಕೊಳ್ಳಿ. 10 ಮೀಟರ್ ಉದ್ದ, 6 ಮೀಟರ್ ಅಗಲದ ಮಾಡಿನ ಮೇಲೆ 30 ಸೆಂಟಿಮೀಟರ್ ಹಿಮ ಬಿದ್ದರೆ ಅದರ ಭಾರ 1,800 ಕಿಲೋಗ್ರಾಂ! ಬಿಸಿಲೇರಿದರೆ ಅದು ಕರಗಿ ಮಣ್ಣಿಗೆ ಇಂಗಿ ಒಳಗೆ ತೊಟ್ಟಿಕ್ಕುತ್ತದೆ. ಆದ್ದರಿಂದ ಮನೆಯವರು ಸಲಿಕೆ ಹಿಡಿದು ಮಾಡು ಏರುತ್ತಾರೆ.

ಇನ್ನು ಒಳಗಿನ ಬದುಕು. ಹಳೆಯ ಮನೆಗಳಲ್ಲಿ ದನಕರುಗಳಿಗೆ ಕೆಳ ಅಂತಸ್ತು. ಚಳಿಗಾಲದಲ್ಲಿ ಇಡೀ ಕುಟುಂಬ ಅಡುಗೆಮನೆಯ ಒಲೆಯ ಸುತ್ತ ಸೇರುತ್ತದೆ. ಅಲ್ಲೇ ಊಟ, ಅಲ್ಲೇ ಉಣ್ಣೆ ನೂಲುವುದು, ಅಲ್ಲೇ ಮಕ್ಕಳ ಓದು. ನಲ್ಲಿ ಹೆಪ್ಪುಗಟ್ಟಿದರೆ ನೀರು ಹೊತ್ತು ತರಬೇಕು. ಬೇಸಿಗೆಯಲ್ಲಿ ಒಣಗಿಸಿಟ್ಟ ಸೊಪ್ಪು, ಏಪ್ರಿಕಾಟ್ ಹಣ್ಣು ಆಗ ನೆರವಿಗೆ ಬರುತ್ತವೆ.

ಈ ಮನೆಗೆ ದೌರ್ಬಲ್ಯವಿಲ್ಲವೇ? ಇದೆ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತಮುತ್ತ ಸುರಿದ ಭಾರಿ ಮಳೆಗೆ, ನುಗ್ಗಿ ಬಂದ ಕೆಸರಿಗೆ ಅನೇಕ ಮನೆಗಳು ಕುಸಿದು ಜೀವಹಾನಿಯಾಯಿತು. ಹಾಗೆಂದು ಮಣ್ಣನ್ನೇ ಬಿಟ್ಟು ತೆಳು ಸಿಮೆಂಟು ಗೋಡೆ ಕಟ್ಟಿದರೆ ಶಾಖ ಬೇಗ ಹೊರಗೆ ಹೋಗುತ್ತದೆ, ಉರುವಲು ಹೆಚ್ಚು ಬೇಕಾಗುತ್ತದೆ.

ಇದಕ್ಕೆ ಇನ್ನೊಂದು ದಾರಿಯೂ ಇದೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಕಪ್ಪು ಬಣ್ಣ ಬಳಿದು, ಮುಂದೆ ಗಾಜು ಕೂರಿಸಿದರೆ ಅದು ಹಗಲಲ್ಲಿ ಬಿಸಿಲ ಕಾವು ಹೀರಿಕೊಂಡು ರಾತ್ರಿ ಕೋಣೆಗೆ ಬಿಡುತ್ತದೆ. ಇದೇ ಟ್ರೋಂಬ್ ಗೋಡೆ. 1988ರಲ್ಲಿ ಆರಂಭವಾದ ಸೆಕ್ಮಾಲ್ ಸಂಸ್ಥೆ ಫೇ ಗ್ರಾಮದ ಬಳಿ ಮಣ್ಣು ದಮ್ಮಸ್ಸು ಮಾಡಿ ಕಟ್ಟಿದ ತನ್ನ ಶಾಲಾ ಕಟ್ಟಡವನ್ನು ಸೂರ್ಯನ ಶಾಖದಿಂದಲೇ ಬೆಚ್ಚಗಿಡುತ್ತದೆ.

ಹಳೆಯದೆಲ್ಲ ಹಿಂದುಳಿದದ್ದಲ್ಲ, ಹೊಸದೆಲ್ಲ ಸುಖವೂ ಅಲ್ಲ. ನೆಲ, ಬಿಸಿಲು, ಗಾಳಿಗಳನ್ನು ಅರಿತು ಕಟ್ಟಿದ್ದೇ ಒಳ್ಳೆಯ ಮನೆ. ನಿಮ್ಮ ಮನೆಯ ಗೋಡೆ ಯಾವುದರದು, ಕಿಟಕಿ ಯಾವ ದಿಕ್ಕಿಗಿದೆ, ಏಕೆ? ಇಂದೇ ಗಮನಿಸಿ, ಹಿರಿಯರನ್ನು ಕೇಳಿ ತಿಳಿಯಿರಿ.