ಪಾದ್ರಿ ಬಾರದ ಭಾನುವಾರ

ಅಮೆರಿಕದ ಸಣ್ಣ ಊರಿನಲ್ಲಿ ಕೆಂಪು ಬಾಗಿಲಿನ ಪುಟ್ಟ ಚರ್ಚು ಕಂಡರೆ ಅದು ಎಪಿಸ್ಕೋಪಲ್ ಸಭೆಯದಿರಬಹುದು ಎಂದು ಊಹಿಸಬಹುದು. ಎಲ್ಲ ಕಡೆಯೂ ಬಾಗಿಲು ಕೆಂಪಾಗಿರುವುದಿಲ್ಲ. ಆದರೂ ರೂಢಿ ಸಾಕಷ್ಟು ಹಬ್ಬಿದೆ. ಭಾನುವಾರ ಬೆಳಿಗ್ಗೆ ಒಳಹೊಕ್ಕರೆ ಇಪ್ಪತ್ತು ಮೂವತ್ತು ಮಂದಿ, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಬೆಂಚಿನ ಹಿಂಬದಿಯಲ್ಲಿ ಎರಡು ಪುಸ್ತಕ: ಒಂದು ಕೀರ್ತನೆಗಳದು, ಇನ್ನೊಂದು ಪ್ರಾರ್ಥನೆಯದು. ಈ ಎರಡನೆಯ ಪುಸ್ತಕ ಗೊತ್ತಿಲ್ಲದೆ ಆ ಸಭೆ ಅರ್ಥವಾಗುವುದಿಲ್ಲ.

ಮೊದಲು ಹೆಸರಿನ ವಿಚಾರ. ಎಪಿಸ್ಕೋಪಲ್ ಎಂದರೆ ಬಿಷಪ್ಪರುಳ್ಳದ್ದು ಎಂದಷ್ಟೇ ಅರ್ಥ. ಇದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಅಮೆರಿಕನ್ ಕವಲು. ಅಮೆರಿಕ ಸ್ವತಂತ್ರವಾದಾಗ ಇದಕ್ಕೊಂದು ವಿಚಿತ್ರ ತೊಡಕು ಎದುರಾಯಿತು. ಬಿಷಪ್ಪರಿಲ್ಲದೆ ಪಾದ್ರಿಗಳಿಲ್ಲ, ಬಿಷಪ್ ಆಗಬೇಕಾದರೆ ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಆಗಷ್ಟೇ ಆ ದೊರೆಯನ್ನು ಕಳಚಿಕೊಂಡ ದೇಶದವನು ಆ ಪ್ರಮಾಣ ಮಾಡುವುದು ಹೇಗೆ? ಕನೆಕ್ಟಿಕಟ್‌ನ ಸ್ಯಾಮ್ಯುಯೆಲ್ ಸೀಬರಿ ಸ್ಕಾಟ್ಲೆಂಡಿಗೆ ಹೋಗಿ, 1784ರ ನವೆಂಬರಿನಲ್ಲಿ ಅಬರ್ಡೀನ್ ಪಟ್ಟಣದಲ್ಲಿ ಅಲ್ಲಿನ ಬಿಷಪ್ಪರಿಂದ ಅಭಿಷಿಕ್ತನಾಗಿ ಮರಳಿದ. ಪಾದ್ರಿಯನ್ನು ಎಲ್ಲಿಂದ ತರುವುದು ಎಂಬ ಚಿಂತೆ ಈ ಚರ್ಚಿಗೆ ಹುಟ್ಟಿನಿಂದಲೇ ಅಂಟಿದ್ದು ಎನ್ನಬೇಕು.

ಪ್ರಾರ್ಥನಾ ಪುಸ್ತಕ ಇನ್ನೂ ಹಳೆಯದು. 1549ರಲ್ಲಿ ಥಾಮಸ್ ಕ್ರ್ಯಾನ್ಮರ್ ಮುಂದಾಳುತನದಲ್ಲಿ ಲ್ಯಾಟಿನ್ ಬಿಟ್ಟು ಜನರ ಇಂಗ್ಲಿಷಿನಲ್ಲಿ ಮೊದಲ ಬಾರಿಗೆ ಬಂತು. ಅಮೆರಿಕದವರು 1789ರಲ್ಲಿ ತಮ್ಮದೇ ಆವೃತ್ತಿ ಮಾಡಿಕೊಂಡು, 1892, 1928, 1979ರಲ್ಲಿ ತಿದ್ದಿದರು. ದೀಕ್ಷಾಸ್ನಾನ, ಮದುವೆ, ಮಣ್ಣುಕೊಡುವುದು, ಬೆಳಗಿನ ಸ್ತುತಿ, ಮಲಗುವ ಮುನ್ನಿನ ಮಾತು ಎಲ್ಲ ಅದರಲ್ಲಿವೆ. ದೊಡ್ಡ ಕೆಥೆಡ್ರಲ್ಲಿನಲ್ಲಿ ಓದುವುದೂ ಇಪ್ಪತ್ತು ಜನರ ಸಭೆಯಲ್ಲಿ ಓದುವುದೂ ಇದನ್ನೇ. ಒಳ್ಳೆಯ ಉಪದೇಶಕಾರ ಸಿಗದ ಸಭೆಗೆ ಇದು ಸಣ್ಣ ಆಸರೆಯಲ್ಲ.

ಪುಸ್ತಕದಾಚೆಗೂ ಕೆಲಸವಿದೆ. ಸಭೆಯವರು ವರ್ಷಕ್ಕೊಮ್ಮೆ ಸೇರಿ 'ವೆಸ್ಟ್ರಿ' ಎಂಬ ಆಡಳಿತ ಸಮಿತಿಯನ್ನು ಆರಿಸುತ್ತಾರೆ. ಸೋರುವ ಮಾಡು, ಒಡೆದ ಬಾಯ್ಲರ್ ಇವುಗಳ ಉಸಾಬರಿ ಸಾಮಾನ್ಯವಾಗಿ ಕಿರಿಯ ವಾರ್ಡನ್‌ಗೆ ಗಂಟುಬೀಳುತ್ತದೆ. ಪ್ರಭುಭೋಜನದ ಬಟ್ಟಲು, ಬಿಳಿವಸ್ತ್ರ, ಕಾಲಕ್ಕೆ ತಕ್ಕ ಬಣ್ಣದ ಹೊದಿಕೆ ನೋಡಿಕೊಳ್ಳಲು ಬೇರೆ ತಂಡ. ಬಟ್ಟಲು ತೊಳೆದ ನೀರನ್ನು ಮೋರಿಗೆ ಚೆಲ್ಲುವ ಹಾಗಿಲ್ಲ, ಅದು ನೇರ ಮಣ್ಣಿಗೆ ಸೇರಬೇಕು. ತೀರ್ಥ ಚೆಲ್ಲದಂತೆ ನೋಡಿಕೊಳ್ಳುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆರಾಧನೆ ಮುಗಿದ ಮೇಲೆ ಪಕ್ಕದ ಹಾಲಿನಲ್ಲಿ ಕಾಫಿ. ಯಾರಿಗೆ ಆಪರೇಷನ್, ಯಾರ ಮಗ ಕೆಲಸ ಕಳೆದುಕೊಂಡ, ಈ ವಾರ ಯಾರ ಮನೆಗೆ ಊಟ ಒಯ್ಯಬೇಕು ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲಿಯೇ.

1979ರ ಪುಸ್ತಕ ಈ ಸಭೆಗಳಲ್ಲಿ ಎರಡು ಬದಲಾವಣೆ ತಂದಿತು. ಒಂದು, ಆರಾಧನೆಯ ನಡುವೆ ಅಕ್ಕಪಕ್ಕದವರು ಕೈಹಿಡಿದು ಪರಸ್ಪರ ಸಮಾಧಾನ ಕೋರುವುದು. ಬೆಂಚಿನಲ್ಲಿ ಮೌನವಾಗಿ ಕೂತು ರೂಢಿಯಾಗಿದ್ದ ಹಿರಿಯರಲ್ಲಿ ಕೆಲವರಿಗೆ ಇದು ಮುಜುಗರ ತಂದಿತು. ಇದರ ಹಿಂದಿನ ಪ್ರೇರಣೆಗಳಲ್ಲಿ ಒಂದು ನಮ್ಮ ಕಡೆಯದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದವರು ಕೂಡಿ ದಕ್ಷಿಣ ಭಾರತ ಸಭೆ ಕಟ್ಟಿದರು. ಕರ್ನಾಟಕದ ಅನೇಕ ಚರ್ಚುಗಳು ಇಂದು ಅದರವೇ. ಆ ಸಭೆ 1950ರಲ್ಲಿ ರೂಪಿಸಿದ ಆರಾಧನಾ ಕ್ರಮದಲ್ಲಿ, ಕೇರಳದ ಸಿರಿಯನ್ ಕ್ರೈಸ್ತರ ಬಳಕೆಯನ್ನು ಅನುಸರಿಸಿ, ಅಂಗೈಗೆ ಅಂಗೈ ಸೇರಿಸಿ ಸಮಾಧಾನ ಹೇಳುವ ಪದ್ಧತಿ ಇತ್ತು. ಪಶ್ಚಿಮದ ಆರಾಧನಾ ಸುಧಾರಕರು ಅದನ್ನು ಗಮನವಿಟ್ಟು ನೋಡಿದರು.

ಎರಡನೆಯ ಬದಲಾವಣೆ ಹೆಚ್ಚು ತೂಕದ್ದು. ಅದುವರೆಗೆ ಅನೇಕ ಕಡೆ ಭಾನುವಾರದ ಮುಖ್ಯ ಆರಾಧನೆ ಬೆಳಗಿನ ಪ್ರಾರ್ಥನೆ. ಪ್ರಭುಭೋಜನ ತಿಂಗಳಿಗೊಮ್ಮೆ ಇದ್ದರೆ ಸಾಕಿತ್ತು. ಭಾನುವಾರದ ಮುಖ್ಯ ಆರಾಧನೆ ಪ್ರಭುಭೋಜನವೇ ಎಂದಿತು ಹೊಸ ಪುಸ್ತಕ. ಶಾಸ್ತ್ರದ ದೃಷ್ಟಿಯಿಂದ ಸರಿಯೇ. ಆದರೆ ಬೆಳಗಿನ ಪ್ರಾರ್ಥನೆಯನ್ನು ಊರಿನ ಮೇಷ್ಟರೂ ನಡೆಸಬಹುದು. ರೊಟ್ಟಿ ದ್ರಾಕ್ಷಾರಸವನ್ನು ಪ್ರತಿಷ್ಠಿಸಲು ಅಭಿಷಿಕ್ತ ಪಾದ್ರಿಯೇ ಬೇಕು. ಬಡ ಸಭೆಗೆ ಪಾದ್ರಿಯ ಸಂಬಳ, ಮನೆ, ವಿಮೆ, ಪಿಂಚಣಿ ಹೊರಲಾಗದ ಭಾರ. ಪಾದ್ರಿ ತಿಂಗಳಿಗೆ ಎರಡು ಸಲ ಬೇರೆ ಊರಿನಿಂದ ಕಾರಿನಲ್ಲಿ ಬಂದು ಹೋದರೆ, ಉಳಿದ ಭಾನುವಾರಗಳು ಏನೋ ಕೊರತೆಯಾದಂತೆ ಕಾಣತೊಡಗಿದವು. ಊಟ ಮುಖ್ಯ ಎಂದು ಸಾರಿ, ಬಡಿಸುವವರನ್ನು ಕೊಡದೆ ಹೋದ ಹಾಗೆ.

ಈ ಗಂಟನ್ನು ಧೈರ್ಯವಾಗಿ ಬಿಚ್ಚಹೊರಟವರು 1972ರಿಂದ 1985ರವರೆಗೆ ನೆವಾಡದ ಬಿಷಪ್ ಆಗಿದ್ದ ವೆಸ್ಲಿ ಫ್ರೆನ್ಸ್‌ಡಾರ್ಫ್. ಮರುಭೂಮಿಯ ಆ ರಾಜ್ಯದಲ್ಲಿ ಊರಿಗೂ ಊರಿಗೂ ನಡುವೆ ಬಹಳ ದೂರ. ಚೀನಾದಲ್ಲಿದ್ದ ಮಿಷನರಿ ರೋಲಂಡ್ ಆಲೆನ್, ಆಯಾ ಊರಿನವರಿಂದಲೇ ಪಾದ್ರಿಗಳನ್ನು ಮಾಡಿ ಎಂದು 1912ರಲ್ಲೇ ಬರೆದಿದ್ದರು. ಫ್ರೆನ್ಸ್‌ಡಾರ್ಫ್ ಅದನ್ನು ಆಚರಣೆಗೆ ತಂದರು. ಸಭೆಯೇ ತನ್ನೊಳಗಿನ ಕೆಲವರನ್ನು ಗುರುತಿಸಬೇಕು. ಅವರು ಊರಲ್ಲೇ ಕಲಿತು, ತಮ್ಮ ಉದ್ಯೋಗ ಬಿಡದೆ, ಸಂಬಳವಿಲ್ಲದೆ ಪಾದ್ರಿಗಳಾಗಬೇಕು. ಉಪದೇಶ, ರೋಗಿಗಳ ಭೇಟಿ, ಲೆಕ್ಕಪತ್ರ ಇತರರಿಗೆ ಹಂಚಿಕೆ.

ಆಕ್ಷೇಪ ಇಲ್ಲದಿರಲಿಲ್ಲ. ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿದವರಿಗೂ ಇವರಿಗೂ ಏನು ವ್ಯತ್ಯಾಸ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆರೆಯವನ ಮುಂದೆ ತಪ್ಪೊಪ್ಪಿಕೊಳ್ಳುವುದೂ ಸುಲಭವಲ್ಲ. ಆದರೆ ಪಾದ್ರಿ ವರ್ಗವಾಗಿ ಹೋದಾಗಲೆಲ್ಲ ಅನಾಥವಾಗುವುದಕ್ಕಿಂತ ಇದು ಮೇಲು ಎಂದವರ ಮಾತಿಗೆ ತೂಕ ಹೆಚ್ಚು. ಫ್ರೆನ್ಸ್‌ಡಾರ್ಫ್ 1988ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ಕ್ರಮವನ್ನು ಉತ್ತರ ಮಿಷಿಗನ್ನಿನಂಥ ಕಡೆಗಳಲ್ಲೂ ಕೈಗೆತ್ತಿಕೊಂಡರು.

ಇದರಿಂದ ಎಲ್ಲ ಸಭೆಗಳೂ ಉಳಿದಿಲ್ಲ. 1960ರ ದಶಕದಲ್ಲಿ 30 ಲಕ್ಷ ಮೀರಿದ್ದ ಈ ಚರ್ಚಿನ ಸದಸ್ಯರ ಸಂಖ್ಯೆ ಈಗ ಅದರ ಅರ್ಧದ ಆಸುಪಾಸಿನಲ್ಲಿದೆ. ಬಾಗಿಲು ಮುಚ್ಚುವುದಕ್ಕೂ ಅವರಲ್ಲಿ ಒಂದು ಆರಾಧನಾ ಕ್ರಮ ಉಂಟು. ಬಲಿಪೀಠವನ್ನೂ ಪವಿತ್ರ ವಸ್ತುಗಳನ್ನೂ ಮೊದಲೇ ತೆಗೆದಿಡುತ್ತಾರೆ. ಬಳಿಕ ಉಳಿದವರು ಒಳಗೆ ಸೇರುತ್ತಾರೆ; ಇನ್ನು ಈ ಕಟ್ಟಡ ಪ್ರತಿಷ್ಠಿತವಲ್ಲ ಎಂಬ ಘೋಷಣೆಯನ್ನು ಬಿಷಪ್ ಓದಿಸುತ್ತಾರೆ; ಕೊನೆಗೆ ಎಲ್ಲರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿ ಹೊರಬರುತ್ತಾರೆ.