ನೀರು ಬರುವ ಹೊತ್ತು, ಮಾತ್ರೆಯ ನೆನಪು



ಮರೆವಿನ ಬಗ್ಗೆ ಮಾತನಾಡಬೇಕು ಎಂದಾಗ ನನಗೆ ಮೊದಲು ನೆನಪಾದವರು ನಮ್ಮ ಅತ್ತೆ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಅತ್ತೆ ಡೊಂಬಿವಲಿಯ ಹಳೆಯ ಕಟ್ಟಡದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರು. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋದಾಗ ನಾವು ಥಾಣೆಯ ಹೊಸ ಟವರಿಗೆ ಬಂದೆವು. ಎರಡೇ ತಿಂಗಳಲ್ಲಿ ಅವರ ಬಿ.ಪಿ. ಮಾತ್ರೆ ತಪ್ಪತೊಡಗಿತು. ವಾರಕ್ಕೆ ಮೂರು-ನಾಲ್ಕು ದಿನ ಮಾತ್ರೆ ಡಬ್ಬಿಯಲ್ಲೇ ಉಳಿದಿರುತ್ತಿತ್ತು. ಒಂದು ರಾತ್ರಿ ಆಫೀಸಿನಿಂದ ದಣಿದು ಬಂದವಳು, “ಇಷ್ಟೂ ನೆನಪಿರೂದಿಲ್ವಾ ಅತ್ತೆ?” ಎಂದು ಗದರಿಬಿಟ್ಟೆ. ಅವರು ಏನೂ ಹೇಳದೆ ಕೋಣೆಗೆ ಹೋದರು. ಇದು ಮರೆವಿನ ಕಾಯಿಲೆಯ ಆರಂಭವೇ ಎಂಬ ಹೆದರಿಕೆ ನಮ್ಮೆಲ್ಲರಿಗೂ ಇತ್ತು.

ವೈದ್ಯರು ಪರೀಕ್ಷಿಸಿ ಅಂಥದ್ದೇನೂ ಕಾಣುತ್ತಿಲ್ಲ ಎಂದರು. ಹಳೆಯ ಮನೆಯಲ್ಲಿ ಮಾತ್ರೆ ಯಾವಾಗ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದರು. ಅತ್ತೆ ನನ್ನ ಕಡೆ ತಿರುಗಿ ಹೇಳಿದರು: “ಸಂಜೆ ನಳದಲ್ಲಿ ನೀರು ಬರ್ತಿತ್ತಲ್ಲ ಮಗಾ, ಡ್ರಮ್ಮು ತುಂಬಿಸಿ, ಕೊನೆಗೆ ಒಂದು ಲೋಟ ಹಿಡಿದು ಮಾತ್ರೆ ನುಂಗೂದು. ಇಲ್ಲಿ ನೀರು ಬರೂದೇ ಇಲ್ಲ, ಯಾವಾಗ್ಲೂ ಇರ್ತದೆ.”

ನಾನು ತಲೆ ತಗ್ಗಿಸಿದೆ. ಅತ್ತೆಯ ನೆನಪು ಎಲ್ಲಿಗೂ ಹೋಗಿರಲಿಲ್ಲ, ಅದನ್ನು ಎಬ್ಬಿಸುತ್ತಿದ್ದ ನಳದ ಸದ್ದು ಹೋಗಿತ್ತು.

ಮನೋವಿಜ್ಞಾನದಲ್ಲಿ ಇದಕ್ಕೆ ಪುರಾವೆ ಇದೆ. 1966ರಲ್ಲಿ ಎಂಡೆಲ್ ಟುಲ್ವಿಂಗ್ ಮತ್ತು ಝೀನಾ ಪರ್ಲ್‌ಸ್ಟೋನ್ ಎಂಬವರು ಕೆನಡಾದ ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಪ್ರಾಣಿಗಳು, ಹಣ್ಣುಗಳು ಹೀಗೆ ಗುಂಪು ಗುಂಪಾದ ಪದಗಳನ್ನು ಕೇಳಿಸಿ, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಬರೆಯುವಾಗ ಗುಂಪಿನ ಹೆಸರು ಕೊಟ್ಟವರಿಗೆ ಹೆಚ್ಚು ಪದಗಳು ನೆನಪಾದವು. ಹೆಸರು ಸಿಗದೆ ಕಡಿಮೆ ಬರೆದವರಿಗೂ ಆಮೇಲೆ ಅದನ್ನು ಕೊಟ್ಟಾಗ, “ಮರೆತ” ಪದಗಳು ಮತ್ತೆ ಬಂದವು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಫೈಲ್ ಡಿಲೀಟ್ ಆಗಿಲ್ಲ, ಅದಿರುವ ಫೋಲ್ಡರ್ ಸಿಗುತ್ತಿಲ್ಲ, ಅಷ್ಟೇ.

ನಮ್ಮ ಅಡುಗೆಗೂ ಇದೇ ಮಾತು. ಪತ್ರೊಡೆಯ ಅಳತೆ ಬರೆದುಕೊಳ್ಳಲು ಕೂತರೆ ಅತ್ತೆ “ಎಲ್ಲಾ ಮರ್ತು ಹೋಗಿದೆ” ಎನ್ನುತ್ತಿದ್ದರು. ಕಳೆದ ಮಳೆಗಾಲದಲ್ಲಿ ಮಾಟುಂಗದ ಮಾರುಕಟ್ಟೆಯಲ್ಲಿ ಕೆಸುವಿನ ಎಲೆಯ ಕಟ್ಟು ಕೈಗೆ ತೆಗೆದುಕೊಂಡದ್ದೇ ತಡ, ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಗಂಟಲು ತುರಿಸದಂತೆ ಹುಣಸೆಹುಳಿ ಎಷ್ಟು ಬೇಕು, ಎಲ್ಲವನ್ನೂ ರಿಕ್ಷಾದಲ್ಲೇ ಹೇಳಿ ಮುಗಿಸಿದರು. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ನಾವು ಮುಂಬಯಿಯವರು ಊರು ಬಿಟ್ಟು ಬಂದವರು, ಚಾಳಿನಿಂದ ಫ್ಲಾಟಿಗೆ, ಫ್ಲಾಟಿನಿಂದ ಟವರಿಗೆ ಹೋಗುವವರು. ಪ್ರತಿ ಸಲ ಸಾಮಾನು ಲೆಕ್ಕ ಹಾಕಿ ಕಟ್ಟುತ್ತೇವೆ. ಆದರೆ ಹಿರಿಯರ ದಿನಚರಿಯನ್ನು ಹಿಡಿದಿಟ್ಟ ಸದ್ದು, ವಾಸನೆ, ನೆರೆಮನೆಯವರ ಮಾತು ಅಲ್ಲೇ ಉಳಿಯುತ್ತವೆ. ಆಮೇಲೆ ಅವರಿಗೆ ಮರೆವು ಎನ್ನುತ್ತೇವೆ.

ಒಂದು ಎಚ್ಚರಿಕೆ ಇರಲಿ. ಎಲ್ಲ ಮರೆವೂ ಇಂಥದ್ದಲ್ಲ. ಸುಳಿವು ಕೊಟ್ಟರೂ ನೆನಪಾಗದಿದ್ದರೆ, ದಿನಾ ಓಡಾಡುವ ದಾರಿ ತಪ್ಪಿದರೆ, ಈಗ ಕೇಳಿದ್ದನ್ನೇ ಪದೇ ಪದೇ ಕೇಳುತ್ತಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ. ನಾವೂ ಮೊದಲು ಅಲ್ಲಿಗೇ ಹೋದದ್ದು.

ಈಗ ಅತ್ತೆಯ ಮಾತ್ರೆ ಡಬ್ಬಿ ದೇವರ ಮುಂದೆ, ಬೆಂಕಿಪೆಟ್ಟಿಗೆಯ ಪಕ್ಕದಲ್ಲಿದೆ. ಸಂಜೆ ದೀಪ ಹಚ್ಚುವುದನ್ನು ಅವರು ಯಾವ ಮನೆಯಲ್ಲೂ ಮರೆತವರಲ್ಲ. ದೀಪ ಹಚ್ಚಿದ ಕೈ ಹಾಗೆಯೇ ಡಬ್ಬಿಗೆ ಹೋಗುತ್ತದೆ. ಈಗ ಮಾತ್ರೆ ತಪ್ಪುವುದು ಅಪರೂಪ. ಗದರಿದ್ದಕ್ಕೆ ನಾನು ಕ್ಷಮೆ ಕೇಳಿದಾಗ ಅತ್ತೆ, “ಅದನ್ನು ನಾನು ಮರ್ತಾಯ್ತು” ಎಂದು ನಕ್ಕರು.