ಕಾಗದ ಬಾರದವರ ಶಾಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಕ್ಷಮಿಸಬೇಕು ಸಾರ್, ಇವತ್ತು ಒಂದು ಕಥೆಪುಸ್ತಕದ ಬಗ್ಗೆ ಮಾತಾಡುತ್ತೇನೆ.

ಜೆ. ಕೆ. ರೌಲಿಂಗ್ ಅವರ 'ಹ್ಯಾರಿ ಪಾಟರ್' ಸರಣಿಯ ಮೊದಲ ಪುಸ್ತಕ 1997ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮ ಇಲ್ಲದ ಹ್ಯಾರಿ, ದೊಡ್ಡಮ್ಮ ಪೆಟೂನಿಯಾಳ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುವ ಹುಡುಗ. ಹನ್ನೊಂದು ತುಂಬುವ ಹೊತ್ತಿಗೆ ಅವನಿಗೊಂದು ಕಾಗದ ಬರುತ್ತದೆ. ಹಾಗ್ವರ್ಟ್ಸ್ ಎಂಬ ಮಂತ್ರವಿದ್ಯೆಯ ವಸತಿ ಶಾಲೆಯಲ್ಲಿ ಅವನಿಗೆ ಸೀಟು ಸಿಕ್ಕಿದೆ!

ನಾನು ಇದನ್ನು ಓದಿದ್ದು ಬಿ.ಇ. ಮೊದಲ ವರ್ಷದಲ್ಲಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಆ ಕಾಗದದ ಪುಟ ಬಂದಾಗ ಪುಸ್ತಕ ಮುಚ್ಚಿಬಿಟ್ಟೆ. ಐದನೇ ತರಗತಿಯಲ್ಲಿ ನಾನೂ ಒಂದು ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದಿದ್ದೆ. ರಜೆಯಿಡೀ ಅಂಚೆಯಣ್ಣನ ಸೈಕಲ್ಲಿಗೆ ಕಾದೆ. ಪಕ್ಕದ ಮನೆಯ ಗೆಳೆಯನಿಗೆ ಕಾಗದ ಬಂತು, ನನಗೆ ಬರಲಿಲ್ಲ. ಅವನ ಟ್ರಂಕು ಬಸ್ಸಿನ ಮೇಲೇರಿದ ದಿನ ನಾನು ಹಿತ್ತಿಲಲ್ಲಿ ಅಡಗಿ ಕೂತಿದ್ದೆ.

2007ರಲ್ಲಿ ಬಂದ ಏಳನೆಯ, ಕೊನೆಯ ಪುಸ್ತಕದಲ್ಲಿ ಒಂದು ಗುಟ್ಟು ಬಯಲಾಗುತ್ತದೆ. ತಂಗಿ ಲಿಲಿಗೆ ಹಾಗ್ವರ್ಟ್ಸ್‌ನಲ್ಲಿ ಸೀಟು ಸಿಕ್ಕಾಗ, ತನ್ನನ್ನೂ ಸೇರಿಸಿಕೊಳ್ಳಿ ಎಂದು ಪೆಟೂನಿಯಾ ಅಲ್ಲಿನ ಮುಖ್ಯಸ್ಥರಿಗೆ ಬರೆದಿದ್ದಳು. ಆಗುವುದಿಲ್ಲ ಎಂದು ಉತ್ತರ ಬಂದಿತ್ತು. ಆ ನೋವೇ ಕೊನೆಗೆ ಹಗೆಯಾಯಿತು. ಆರು ಪುಸ್ತಕದುದ್ದಕ್ಕೂ ನಾನು ಬೈದುಕೊಂಡಿದ್ದ ಹೆಂಗಸಿಗಾಗಿ ಆ ರಾತ್ರಿ ಅತ್ತೆ.

ನಾನೂ ಹಾಗೆ ಕಹಿಯಾಗಬಹುದಿತ್ತು. ಆಗದಂತೆ ನೋಡಿಕೊಂಡದ್ದು ಈ ಶಾಲೆ. ನನ್ನ ತಪ್ಪು ಲೆಕ್ಕವನ್ನು ಬೋರ್ಡಿನ ಮೇಲೆ ಬರೆಸಿ, ಗಣಿತದ ಮೇಷ್ಟ್ರು, "ಎಲ್ಲಿವರೆಗೆ ಸರಿ ಇದೆ, ಅದನ್ನ ಹೇಳೋ ಮೊದಲು" ಎನ್ನುತ್ತಿದ್ದರು. ಇಂದಿಗೂ ಆಫೀಸಿನಲ್ಲಿ ಪ್ರೋಗ್ರಾಮ್ ಕೈಕೊಟ್ಟಾಗ ನಾನು ಮಾಡುವುದು ಅಷ್ಟೇ. ಎಲ್ಲಿಯವರೆಗೆ ಸರಿ ಇದೆ ಎಂದು ಹುಡುಕುತ್ತೇನೆ.

ಮೊದಲ ಪುಸ್ತಕದಲ್ಲಿ ನೆವಿಲ್ ಎಂಬ ಹುಡುಗನಿದ್ದಾನೆ. ಮಹಾ ಮರೆಗುಳಿ, ಎಲ್ಲರ ನಗೆಪಾಟಲು. ಒಂದು ರಾತ್ರಿ ನಿಯಮ ಮೀರಿ ಹೊರಟ ಸ್ವಂತ ಗೆಳೆಯರಿಗೇ ಅಡ್ಡ ನಿಲ್ಲುತ್ತಾನೆ. ವರ್ಷದ ಕೊನೆಗೆ ಎರಡು ತಂಡಗಳು ತಲಾ 472 ಅಂಕಗಳಲ್ಲಿ ಸಮನಾಗಿ ನಿಂತಾಗ, ಅವನ ಆ ಧೈರ್ಯಕ್ಕೆ ಕೊಟ್ಟ 10 ಅಂಕವೇ ಅವನ ತಂಡವನ್ನು ಗೆಲ್ಲಿಸುತ್ತದೆ.

ಹಳೆಯ ವಿದ್ಯಾರ್ಥಿಗಳಾದ ನಾವು ಹತ್ತನೇ ತರಗತಿಯ ಮೊದಲ ಮೂವರಿಗೆ ಬಹುಮಾನ ಇಟ್ಟಿದ್ದೇವೆ. ಅದು ಇರಲಿ. ಅದರ ಜೊತೆಗೆ, ಅಂಕ ಎಷ್ಟೇ ಬಂದಿರಲಿ, ಎದೆಗುಂದದೆ ಪ್ರಯತ್ನಿಸಿದ ಒಂದು ಮಗುವಿಗೆ ಪ್ರತಿವರ್ಷ ಒಂದು ಬಹುಮಾನ ನನ್ನ ಕಡೆಯಿಂದ ಇರಲಿ. ಆ ಮಗು ಯಾರೆಂದು ಶಿಕ್ಷಕರೇ ಆರಿಸಬೇಕು. ಏಳೂ ಪುಸ್ತಕ ತಂದಿದ್ದೇನೆ. ಬೀರುವಿಗೆ ಬೀಗ ಮಾತ್ರ ಹಾಕಬೇಡಿ.

ಮಕ್ಕಳೇ, ಈ ಶಾಲೆಗೆ ಸೇರಲು ಯಾರಿಗೂ ಕಾಗದ ಬರುವುದಿಲ್ಲ. ಐವತ್ತು ವರ್ಷದಿಂದ ಇದು ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕರೆದಿದೆ. ಆ ಉಪಕಾರವನ್ನು ನಾನು ಮರೆಯಲಾರೆ.